ಪಾರ್ಕಿನ ಸಸಿಗಳಿಗೆ ನೀರು ಹೊತ್ತರೆ ಅದು ವ್ಯಾಯಾಮವಾಗುತ್ತದೆಯೇ?

ಪ್ರಶ್ನೆ: ಮೈಸೂರಿನ ಒಂದು ಬಡಾವಣೆಯಲ್ಲಿ ನಾವು ಇಪ್ಪತ್ತು ಜನ ಏಳೆಂಟು ವರ್ಷಗಳಿಂದ ಬೆಳಗ್ಗೆ ಒಟ್ಟಿಗೆ ವಾಕಿಂಗ್ ಮಾಡುತ್ತಿದ್ದೇವೆ. ಹೆಚ್ಚಿನವರು ಹೆಂಗಸರು, 35 ವರ್ಷದವರಿಂದ ಹಿಡಿದು 72ರವರೆಗೆ ಇದ್ದಾರೆ. ಕಳೆದ ಜೂನ್‌ನಲ್ಲಿ ಪಾಲಿಕೆಯ ಪಾರ್ಕಿನಲ್ಲಿ 60 ಸಸಿ ನೆಟ್ಟೆವು. ಇನ್ನು ಮುಂದೆ ವಾಕಿಂಗ್ ಬಿಟ್ಟು, ವಾರಕ್ಕೆರಡು ದಿನ ಪಾರ್ಕಿನ ಕೆಲಸವನ್ನೇ ವ್ಯಾಯಾಮ ಮಾಡಿಕೊಳ್ಳೋಣ ಅಂತ ಹೊರಟೆವು. ಮೊದಲ ದಿನ ಎದ್ದು ಬಂದವರೇ ಒಂದೂವರೆ ಗಂಟೆ ಕಳೆ ಕಿತ್ತು ಪಾತಿ ಮಾಡಿದೆವು. ಮಾರನೆಯ ದಿನ ಇಬ್ಬರಿಗೆ ಸೊಂಟ ಹಿಡಿದು ಏಳಲಾಗಲಿಲ್ಲ. ‘ಇದು ಮಾಲಿ ಮಾಡುವ ಕೆಲಸ, ವ್ಯಾಯಾಮ ಅಲ್ಲ’ ಎಂದು ಈಗ ಕೆಲವರು ಹಿಂದೆ ಸರಿಯುತ್ತಿದ್ದಾರೆ. ನಮ್ಮಲ್ಲಿ ಸಕ್ಕರೆ ಕಾಯಿಲೆಯವರು ನಾಲ್ವರು, ಮಂಡಿ ಆಪರೇಷನ್ ಆದವರು ಒಬ್ಬರು ಇದ್ದಾರೆ. ಇದನ್ನು ಮುಂದುವರಿಸಬಹುದೇ? ಹೇಗೆ? ಆ ಇಬ್ಬರು ಮತ್ತೆ ಬರಬಹುದೇ?

ಉತ್ತರ: ಮುಂದುವರಿಸಿ. ಖಂಡಿತ ಮುಂದುವರಿಸಿ. ಆದರೆ ನೀವು ಶುರು ಮಾಡಿದ ರೀತಿಯಲ್ಲಿ ಬೇಡ.

ಆ ಇಬ್ಬರ ಸೊಂಟಕ್ಕೆ ಏನಾಯಿತು ಎಂಬುದನ್ನು ಮೊದಲು ನೋಡೋಣ. ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಡಿಸ್ಕುಗಳು ನೀರು ಹೀರಿಕೊಂಡು ಉಬ್ಬುತ್ತವೆ. ಬೆಳಗ್ಗೆ ಎದ್ದಾಗ ನಾವು ರಾತ್ರಿಗಿಂತ ಸ್ವಲ್ಪ ಎತ್ತರ ಇರುವುದು ಇದರಿಂದಲೇ. ಹೀಗೆ ಬಿಗಿದು ನಿಂತ ಡಿಸ್ಕು, ಎದ್ದ ಮೊದಲ ಒಂದು ಗಂಟೆಯಲ್ಲಿ ಬಗ್ಗುವ ಕೆಲಸಕ್ಕೆ ಒಗ್ಗುವುದಿಲ್ಲ; ಅದೇ ಬಾಗು ಮಧ್ಯಾಹ್ನಕ್ಕಿಂತ ಆಗ ಹೆಚ್ಚು ಒತ್ತಡ ಕೊಡುತ್ತದೆ. ನೀವು ಆರು ಗಂಟೆಗೆ ಎದ್ದು ಆರೂವರೆಗೆ ಬಗ್ಗಿದಿರಿ, ಎಂಟರವರೆಗೆ ಬಗ್ಗಿಯೇ ಇದ್ದಿರಿ. ಮಧ್ಯೆ ಕೆಲಸ ಬದಲಾಗಲಿಲ್ಲ, ಕೈ ಬದಲಾಗಲಿಲ್ಲ. ಇಪ್ಪತ್ತು ಜನರಲ್ಲಿ ಇಬ್ಬರಿಗೆ ಮಾತ್ರ ಸೊಂಟ ಹಿಡಿದದ್ದು ಪುಣ್ಯ. ತಪ್ಪು ಕಳೆ ಕೀಳುವುದರಲ್ಲಿಲ್ಲ, ಅದಕ್ಕೆ ಆರಿಸಿದ ಹೊತ್ತಿನಲ್ಲಿ ಮತ್ತು ಮಾಡಿದ ಕ್ರಮದಲ್ಲಿದೆ. ಮೊದಲು ನಡಿಗೆ, ಆಮೇಲೆ ಎತ್ತುವುದು, ಕೊನೆಗೆ ಬಗ್ಗುವುದು: ಇಷ್ಟನ್ನು ಬದಲಿಸಿಕೊಂಡರೆ ನಿಮ್ಮ ಅರ್ಧ ತೊಂದರೆ ಪರಿಹಾರವಾಗುತ್ತದೆ.

ಇನ್ನು ‘ಇದು ವ್ಯಾಯಾಮವೇ’ ಎಂಬ ಮಾತು. ಸುಮ್ಮನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಯನ್ನು 1 ಎಂದಿಟ್ಟುಕೊಳ್ಳಿ. ನಿಮ್ಮ ಮಾಮೂಲಿ ವಾಕಿಂಗಿಗೆ ಅದರ 3ರಿಂದ 3.5 ಪಟ್ಟು ಬೇಕು. ಎಲೆ ಗುಡಿಸಿ ರಾಶಿ ಹಾಕುವುದಕ್ಕೆ 4ರ ಆಸುಪಾಸು. ಗುದ್ದಲಿ ಹಿಡಿದು ಅಗೆಯುವುದಕ್ಕೆ 5ರ ಆಸುಪಾಸು. 3ರಿಂದ 6ರೊಳಗೆ ಬರುವ ಶ್ರಮವನ್ನು ವೈದ್ಯರು ಮಧ್ಯಮ ಶ್ರಮ ಎನ್ನುತ್ತಾರೆ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಇಂಥ ಶ್ರಮ ಬೇಕು, ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸವೂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. 65 ದಾಟಿದವರಿಗೆ ಇನ್ನೊಂದನ್ನು ಸೇರಿಸಿದೆ: ವಾರಕ್ಕೆ ಮೂರು ದಿನವಾದರೂ ದೇಹದ ತೋಲನವನ್ನು, ಅಂದರೆ ಬೀಳದೆ ನಿಲ್ಲುವ ಶಕ್ತಿಯನ್ನು ಗಟ್ಟಿ ಮಾಡುವ ಅಭ್ಯಾಸ. ಹಾಗಾಗಿ ಅಗೆಯುವುದು, ಹೊರುವುದು, ಗುಡಿಸುವುದು ಎಲ್ಲವೂ ವ್ಯಾಯಾಮವೇ. ಮಣೆಯ ಮೇಲೆ ಕೂತು ಮಾತಾಡುತ್ತಾ ಸಣ್ಣ ಹುಲ್ಲು ಕೀಳುವುದು ಮಾತ್ರ ಆ ಲೆಕ್ಕಕ್ಕೆ ಬರುವುದಿಲ್ಲ. ಅಳೆಯಲು ಯಂತ್ರ ಬೇಡ. ಕೆಲಸ ಮಾಡುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆರಾಮವಾಗಿ ಹಾಡಲು ಆಗುತ್ತಿದ್ದರೆ ಕೆಲಸ ಸಡಿಲ ಎಂದರ್ಥ. ಮಾತೂ ಆಡಲಾಗದಷ್ಟು ಏದುಸಿರು ಬಂದರೆ ನಿಮ್ಮ ವಯೋಮಾನದ ತಂಡಕ್ಕೆ ಅದು ಹೆಚ್ಚಾಯಿತು.

ಈ ಲೆಕ್ಕದಲ್ಲೇ ನೋಡಿದರೆ ವಾರಕ್ಕೆರಡು ದಿನದ ಕೆಲಸ 150 ನಿಮಿಷ ಮುಟ್ಟುವುದು ಕಷ್ಟ. ಆದ್ದರಿಂದ ವಾಕಿಂಗ್ ಬಿಡಬೇಡಿ. ವಾರದಲ್ಲಿ ನಾಲ್ಕು ದಿನ ನಡಿಗೆ, ಎರಡು ದಿನ ಪಾರ್ಕು. ಪಾರ್ಕಿನ ದಿನವೂ ಸ್ಕೂಟರ್ ಬೇಡ, ನಡೆದೇ ಬನ್ನಿ.

‘ಮಾಲಿ ಮಾಡುವ ಕೆಲಸ’ ಎಂದವರಿಗೆ ನಿಮ್ಮ ಊರಿನ ಗರಡಿ ಮನೆಯನ್ನೇ ತೋರಿಸಿ. ಪೈಲ್ವಾನರು ಕುಸ್ತಿಗೆ ಇಳಿಯುವ ಮುಂಚೆ ಮಟ್ಟಿಯ ಮಣ್ಣನ್ನು ಗುದ್ದಲಿಯಿಂದ ಅಗೆದು, ಹದ ಮಾಡಿ, ಸಮ ಮಾಡುತ್ತಾರೆ. ಆ ಅಗೆತ ಬರೀ ಅಣಿ ಮಾಡುವ ಕೆಲಸವಲ್ಲ, ದಂಡ ಬೈಠಕ್‌ನಂತೆ ಅದೂ ಒಂದು ಕಸರತ್ತು. ಮಣ್ಣಿನ ಕೆಲಸವನ್ನೂ ದೇಹದ ಸಾಧನೆಯನ್ನೂ ಬೇರೆ ಬೇರೆ ಮಾಡಿಕೊಂಡದ್ದು ನಾವು, ಇತ್ತೀಚೆಗೆ. ಇಂಗ್ಲೆಂಡಿನಲ್ಲಿ ವಿಲಿಯಂ ಬರ್ಡ್ ಎಂಬ ವೈದ್ಯರು 1990ರ ದಶಕದಲ್ಲಿ ಆಕ್ಸ್‌ಫರ್ಡ್‌ಶೈರಿನ ಸಾನಿಂಗ್ ಕಾಮನ್ ಎಂಬ ಹಳ್ಳಿಯಲ್ಲಿ ತಮ್ಮ ರೋಗಿಗಳಿಗಾಗಿ ನಡಿಗೆಯ ತಂಡ ಕಟ್ಟಿದರು. ನಡಿಗೆಯಷ್ಟೇ ಎಲ್ಲರಿಗೂ ಹಿಡಿಸುವುದಿಲ್ಲ ಎಂದು ಕಂಡಾಗ, ಪರಿಸರ ಸಂರಕ್ಷಣೆಯ ಸ್ವಯಂಸೇವಕರ ಸಂಸ್ಥೆಯೊಂದರ ಜೊತೆ ಸೇರಿ ‘ಗ್ರೀನ್ ಜಿಮ್’ ಶುರು ಮಾಡಿದರು. ಬೇಲಿ ಕಟ್ಟುವುದು, ಗಿಡ ನೆಡುವುದು, ಕಾಡುದಾರಿ ಸರಿಪಡಿಸುವುದು ಅಲ್ಲಿನ ಕೆಲಸಗಳು. ಆದರೆ ಶುರುವಿಗೆ ಮೈ ಬಿಸಿ ಮಾಡುವ ಚಲನೆಗಳು, ಕೊನೆಗೆ ಮೈ ಸಡಿಲಿಸುವ ಚಲನೆಗಳು ಕಡ್ಡಾಯ. ನಡುವೆ ಎಲ್ಲರೂ ಕೂತು ಚಹಾ ಕುಡಿಯುವುದೂ ಅಷ್ಟೇ ಕಡ್ಡಾಯ. ಲಂಡನ್ನಿನಲ್ಲಿ ಆಮೇಲೆ ಹುಟ್ಟಿದ ‘ಗುಡ್‌ಜಿಮ್’ ತಂಡದವರು ಓಡುತ್ತಾ ಒಂದು ಸಮುದಾಯ ತೋಟಕ್ಕೆ ಹೋಗಿ, ಮಣ್ಣೋ ಗೊಬ್ಬರವೋ ಸಾಗಿಸಿ, ಮತ್ತೆ ಓಡುತ್ತಾ ವಾಪಸಾಗುತ್ತಾರೆ. ನಾವು ಇದನ್ನು ಹೊಸದಾಗಿ ಕಲಿಯಬೇಕಿಲ್ಲ. ಶ್ರಮದಾನ, ಮುಯ್ಯಾಳು ಎಂಬ ಪದಗಳು ನಮ್ಮಲ್ಲಿ ಮೊದಲಿನಿಂದ ಇವೆ. ಅವರಿಂದ ತೆಗೆದುಕೊಳ್ಳಬೇಕಾದದ್ದು ಮೈ ಬಿಸಿ ಮಾಡುವ ಆ ಹತ್ತು ನಿಮಿಷವನ್ನು ಮತ್ತು ಚಹಾವನ್ನು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ನೀರಿನ ವಿಷಯ. ನಿಮ್ಮ ಪತ್ರದಲ್ಲಿ ಕಳೆಯ ಮಾತಿದೆ, ಪಾತಿಯ ಮಾತಿದೆ, ಬೇಸಿಗೆಯ ಮಾತಿಲ್ಲ. ಜೂನ್‌ನಲ್ಲಿ ನೆಟ್ಟ ಸಸಿಗೆ ಮಳೆಗಾಲದಲ್ಲಿ ನೀವು ಬೇಕಾಗಿಲ್ಲ. ಫೆಬ್ರವರಿಯಿಂದ ಮೇ ತಿಂಗಳ ಮಳೆ ಹಿಡಿಯುವವರೆಗೆ ಅದು ಬದುಕುವುದೂ ಸಾಯುವುದೂ ನಿಮ್ಮ ಕೈಯಲ್ಲಿದೆ. ನನ್ನ ಮಟ್ಟಿಗೆ ನಿಮ್ಮ ತಂಡಕ್ಕೆ ಸಿಗಬಹುದಾದ ಅತ್ಯುತ್ತಮ ವ್ಯಾಯಾಮವೂ ಇದೇ ಕೆಲಸದಲ್ಲಿದೆ.

ಲೆಕ್ಕ ಹಾಕಿ ನೋಡಿ. 60 ಸಸಿ, ಒಂದೊಂದಕ್ಕೆ 10 ಲೀಟರ್, ಒಟ್ಟು 600 ಲೀಟರ್. ಇಪ್ಪತ್ತು ಜನರಲ್ಲಿ ಹದಿನೈದು ಜನ ಹೊರಬಲ್ಲರು ಎಂದುಕೊಂಡರೆ ತಲೆಗೆ 40 ಲೀಟರ್. ಎರಡೂ ಕೈಯಲ್ಲಿ 5 ಲೀಟರಿನ ಒಂದೊಂದು ಕ್ಯಾನ್ ಹಿಡಿದರೆ ನಾಲ್ಕು ಸಲ ಹೋಗಿ ಬರಬೇಕು. ನಲ್ಲಿ 100 ಮೀಟರ್ ದೂರದಲ್ಲಿದ್ದರೆ 400 ಮೀಟರ್ ಭಾರ ಹೊತ್ತು ನಡಿಗೆ, 400 ಮೀಟರ್ ಬರಿಗೈಲಿ ನಡಿಗೆ. ಎರಡೂ ಕಡೆ ಸಮ ತೂಕ, ಬೆನ್ನು ನೇರ, ಭುಜ ಹಿಂದಕ್ಕೆ. ಜಿಮ್ಮಿನಲ್ಲಿ ಎರಡೂ ಕೈಗೆ ಡಂಬೆಲ್ ಕೊಟ್ಟು ನಡೆಸುವ ವ್ಯಾಯಾಮವೊಂದಿದೆ, ಇದು ಅದೇ. ಮುಂಗೈ ಹಿಡಿತ, ಭುಜ, ಹೊಟ್ಟೆಯ ಸ್ನಾಯು, ತೊಡೆ, ಮೀನಖಂಡ ಎಲ್ಲವೂ ಒಟ್ಟಿಗೆ ದುಡಿಯುತ್ತವೆ. ಬೆನ್ನು ಬಗ್ಗುವುದು ಮಾತ್ರ ಬಹಳ ಕಡಿಮೆ. 72 ವರ್ಷದವರು ಕ್ಯಾನಿಗೆ ಅರ್ಧ ತುಂಬಿಕೊಂಡು ನಿಧಾನವಾಗಿ ಬರಲಿ. 35ರವರು 10 ಲೀಟರಿನ ಎರಡು ಕ್ಯಾನ್ ಹಿಡಿದು ಬಿರುಸಾಗಿ ನಡೆಯಲಿ, ಉಳಿದ ಸಸಿಗಳ ಪಾಲನ್ನೂ ಹೊರಲಿ. ಬೇರೆ ಬೇರೆ ಶಕ್ತಿಯವರು ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ತಮ್ಮ ತಮ್ಮ ಅಳತೆಗೆ ಸರಿಯಾಗಿ ದುಡಿಯಬಹುದಾದ ಇಂಥ ಕೆಲಸ ಪಾರ್ಕಿನಲ್ಲಿ ಮತ್ತೊಂದಿಲ್ಲ.

ಕ್ಯಾನ್‌ಗಳಿಗೆ ಹಣ ಹಾಕಬೇಡಿ. ಅಡುಗೆ ಎಣ್ಣೆಯ ಖಾಲಿ ಕ್ಯಾನ್‌ಗಳನ್ನು ಸೋಪಿನ ನೀರಲ್ಲಿ ತೊಳೆದು ತಂದರೆ ಸಾಕು. ಹಿಡಿ ಬೆರಳಿಗೆ ಒತ್ತುತ್ತದೆ, ಹಳೆ ಬಟ್ಟೆ ಸುತ್ತಿಕೊಳ್ಳಿ. ಒಂದೇ ಕೈಯಲ್ಲಿ ಬಕೆಟ್ ಹಿಡಿದು ಒಂದು ಪಕ್ಕಕ್ಕೆ ವಾಲಿಕೊಂಡು ನಡೆಯಬೇಡಿ. ಎತ್ತುವಾಗ ಉಸಿರು ಬಿಡಿ. ಉಸಿರು ಕಟ್ಟಿ ಎತ್ತಿದರೆ ರಕ್ತದೊತ್ತಡ ಆ ಕ್ಷಣಕ್ಕೆ ಜೋರಾಗಿ ಏರುತ್ತದೆ, ಬಿಪಿ ಇರುವವರಿಗೆ ಅದು ಒಳ್ಳೆಯದಲ್ಲ. ಸುರಿದ ನೀರು ಪಾತಿಯಲ್ಲೇ ಇಂಗಲಿ ಎಂದು ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ. ಹೊಂಗೆ ಎಲೆ ಉದುರಿಸುವ ಕಾಲವೂ ನೀವು ನೀರು ಹೊರುವ ಕಾಲವೂ ಹೆಚ್ಚು ಕಡಿಮೆ ಒಂದೇ, ಎಲೆಗೆ ಕೊರತೆ ಇರುವುದಿಲ್ಲ. ಅದನ್ನು ಗುಡಿಸಿ ತರುವುದು ಇನ್ನೊಂದು ಒಳ್ಳೆಯ ಕಸರತ್ತು. ಐದೈದು ನಿಮಿಷಕ್ಕೊಮ್ಮೆ ಪೊರಕೆಯ ಮೇಲಿನ ಕೈ ಕೆಳಗೆ, ಕೆಳಗಿನ ಕೈ ಮೇಲೆ ಬರಲಿ. ಮೊದಲೆರಡು ವಾರ ಎಡವಟ್ಟು ಅನಿಸುತ್ತದೆ, ಆಮೇಲೆ ಒಗ್ಗಿಹೋಗುತ್ತದೆ. ಎಲೆಗೆ ಬೆಂಕಿ ಮಾತ್ರ ಹಾಕಬೇಡಿ. ಆ ಹೊಗೆ ಕುಡಿದರೆ ವ್ಯಾಯಾಮ ಮಾಡಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ.

ಸಸಿಗಳನ್ನು ಹಂಚಿಕೊಳ್ಳಿ, ತಲೆಗೆ ಮೂರು. ಇದು ಗಿಡಕ್ಕಾಗಿ ಮಾತ್ರ ಹೇಳುತ್ತಿಲ್ಲ. ವ್ಯಾಯಾಮ ಬಿಟ್ಟುಹೋಗುವುದು ಸಾಮಾನ್ಯವಾಗಿ ಆಲಸ್ಯದಿಂದಲ್ಲ. ನಾನು ಇವತ್ತು ಹೋಗದಿದ್ದರೆ ಯಾರಿಗೂ ಏನೂ ಆಗುವುದಿಲ್ಲ ಎಂಬ ಭಾವನೆಯಿಂದ. ಮೂರು ಸಸಿ ನನ್ನದು ಎಂದಾದಾಗ ಆ ಭಾವನೆಗೆ ಜಾಗ ಇರುವುದಿಲ್ಲ. ಊರಿಗೆ ಹೋಗುವಾಗ ಪಕ್ಕದವರಿಗೆ ‘ನನ್ನ ನೇರಳೆಗೆ ಒಂದು ಕ್ಯಾನ್ ಹಾಕಿಬಿಡಿ’ ಎಂದು ಹೇಳಿ ಹೋಗುತ್ತೀರಿ. ವಾಕಿಂಗ್ ತಂಡದಲ್ಲಿ ಎಂಟು ವರ್ಷ ಇದ್ದರೂ ಹುಟ್ಟದ ಸಲಿಗೆ ಇಂಥ ಒಂದು ಮಾತಿನಿಂದ ಹುಟ್ಟಿದ್ದನ್ನು ನಾನು ಕಂಡಿದ್ದೇನೆ. ಗಂಡ ತೀರಿಕೊಂಡ ಮೇಲೆ ಮನೆಯಿಂದ ಹೊರಬರುವುದನ್ನೇ ಬಿಟ್ಟಿದ್ದ ಹಿರಿಯರೊಬ್ಬರು ನನ್ನ ಬಳಿ ಭುಜದ ನೋವಿಗೆಂದು ಬರುತ್ತಿದ್ದರು. ಅವರನ್ನು ಮತ್ತೆ ಬೀದಿಗೆ ಕರೆತಂದದ್ದು ನಾನು ಹೇಳಿಕೊಟ್ಟ ಚಲನೆಗಳಲ್ಲ, ಬೀದಿ ಕೊನೆಯ ಪಾರ್ಕಿನ ಎರಡು ಬೇವಿನ ಸಸಿಗಳು.

ಈಗ ಒಂದು ದಿನದ ಕ್ರಮ ಹೇಗಿರಬೇಕು ಎಂಬುದು. ಮನೆಯಿಂದ ನಡೆದು ಬಂದು ಪಾರ್ಕಿಗೆ ಎರಡು ಸುತ್ತು ಹಾಕಿ. ಆಮೇಲೆ ಹತ್ತು ನಿಮಿಷ ನಿಂತಲ್ಲೇ ಭುಜ, ಸೊಂಟ, ಮಂಡಿ, ಹರಡುಗಳನ್ನು ತಿರುಗಿಸಿ, ನಿಂತಲ್ಲೇ ಹೆಜ್ಜೆ ಹಾಕಿ. ಸೊಂಟ ಬಗ್ಗಿ ಕಾಲ್ಬೆರಳು ಮುಟ್ಟುವುದು ಈಗ ಬೇಡ. ನಂತರ ನೀರು ಹೊರುವುದು. ಅಷ್ಟು ಹೊತ್ತಿಗೆ ಎದ್ದು ಒಂದು ಗಂಟೆ ದಾಟಿರುತ್ತದೆ, ಬಗ್ಗುವ ಕೆಲಸಕ್ಕೆ ಹೋಗಬಹುದು. ಅಲ್ಲೂ ಹದಿನೈದು ನಿಮಿಷಕ್ಕೊಮ್ಮೆ ಯಾರಾದರೂ ಒಬ್ಬರು ಕೂಗಬೇಕು, ಎಲ್ಲರೂ ಎದ್ದು ಸೊಂಟದ ಮೇಲೆ ಕೈಯಿಟ್ಟು ಐದು ಸಲ ಹಿಂದಕ್ಕೆ ಬಾಗಬೇಕು, ಆಮೇಲೆ ಕಳೆ ಕೀಳುತ್ತಿದ್ದವರು ಗುಡಿಸಲಿ, ಗುಡಿಸುತ್ತಿದ್ದವರು ಅಗೆಯಲಿ. ಅಗೆಯುವವರು ಸನಿಕೆಯ ಮಣ್ಣನ್ನು ಪಕ್ಕಕ್ಕೆ ಎಸೆಯುವಾಗ ಸೊಂಟ ತಿರುಚಬಾರದು, ಪಾದಗಳೇ ತಿರುಗಬೇಕು. ನಾನು ನೋಡುವ ಬೆನ್ನು ನೋವುಗಳಲ್ಲಿ ಬಗ್ಗಿ ತಿರುಚಿದ್ದರಿಂದ ಬಂದವು ಬಹಳ. ಬಗ್ಗುವಾಗ ಬೆನ್ನು ಗೂನಾಗದೆ, ಪೃಷ್ಠ ಹಿಂದಕ್ಕೆ ಹೋಗಿ ಮಂಡಿ ಸಡಿಲವಾಗಲಿ. ನಾಟಿ ಹಾಕುವ ಹೆಂಗಸರು ದಿನವಿಡೀ ಬಗ್ಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಬಗ್ಗುತ್ತಾರೆ, ಬೆನ್ನು ನೋವನ್ನೂ ಅನುಭವಿಸುತ್ತಾರೆ. ಅವರ ಕಷ್ಟವನ್ನು ನಾವು ಮಾದರಿ ಮಾಡಿಕೊಳ್ಳುವುದು ಬೇಡ.

ತೋಟದ ಕೆಲಸದಲ್ಲಿ ಒಂದು ಕೊರತೆ ಇದೆ. ಎಳೆಯುವುದು, ಎತ್ತುವುದು, ಬಗ್ಗುವುದು ಬೇಕಾದಷ್ಟಿದೆ. ಮುಂದಕ್ಕೆ ತಳ್ಳುವುದು, ತಲೆಯ ಮೇಲೆ ಕೈ ಚಾಚುವುದು, ಹಿಂದಕ್ಕೆ ಬಾಗುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದನ್ನು ಕೊನೆಯ ಹತ್ತು ನಿಮಿಷದಲ್ಲಿ ತುಂಬಿಸಿಕೊಳ್ಳಿ. ಪಾರ್ಕಿನ ಗೋಡೆಗೆ ಕೈಯಿಟ್ಟು ಹತ್ತು ದಂಡ. ಕಲ್ಲುಬೆಂಚಿನಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು. ಬೆಂಚಿನ ಬೆನ್ನು ಹಿಡಿದು ಒಂದೊಂದು ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲುವುದು. 65 ದಾಟಿದವರು ಈ ಕೊನೆಯದನ್ನು ವಾಕಿಂಗ್ ದಿನಗಳಲ್ಲೂ ಬಿಡಬಾರದು. ಆಮೇಲೆ ಚಹಾ. ಫ್ಲಾಸ್ಕ್ ತರುವ ಸರದಿ ಹಾಕಿಕೊಳ್ಳಿ. ಹೊಸಬರು ತಂಡದಲ್ಲಿ ಉಳಿಯುವುದು ಆ ಹತ್ತು ನಿಮಿಷದಿಂದಲೇ.

ಕಳೆ ಎಂದಿರಿ, ಯಾವ ಕಳೆ ಎಂದು ಬರೆದಿಲ್ಲ. ಮೈಸೂರಿನ ಪಾರ್ಕೆಂದ ಮೇಲೆ ಪಾರ್ಥೇನಿಯಂ ಇಲ್ಲದೆ ಇರಲಾರದು, ಜನ ಕಾಂಗ್ರೆಸ್ ಗಿಡ ಎನ್ನುವುದೂ ಅದನ್ನೇ. 1955ರಲ್ಲಿ ಪುಣೆಯಲ್ಲಿ ಗುರುತಿಸಿದ ಈ ಗಿಡ ಇಡೀ ದೇಶ ಹಬ್ಬಿದೆ. ಅದನ್ನು ತಿನ್ನುವ ಮೆಕ್ಸಿಕೋ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ಮಳೆಗಾಲದಲ್ಲಿ ಒಂದಷ್ಟು ತಿನ್ನುತ್ತದೆ, ಮುಗಿಸುವುದಿಲ್ಲ. ಆ ಗಿಡ ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆ, ಗಂದೆ. ಪರಾಗ ಮೂಗಿಗೆ ಹೋದರೆ ಸೀನು, ಉಬ್ಬಸ. ಮೊದಲ ಸಲ ಏನೂ ಆಗಲಿಲ್ಲ ಎಂದು ಧೈರ್ಯ ಮಾಡಬೇಡಿ. ಅಲರ್ಜಿ ಮತ್ತೆ ಮತ್ತೆ ಮುಟ್ಟುತ್ತಾ ಹೋದಾಗ ಬೆಳೆಯುವಂಥದ್ದು. ಆದ್ದರಿಂದ ಉದ್ದ ತೋಳಿನ ಅಂಗಿ, ರಬ್ಬರ್ ಗ್ಲೌಸ್, ಮುಖಕ್ಕೆ ಬಟ್ಟೆ. ಹೂ ಬಿಡುವ ಮುಂಚೆ, ಮಳೆ ಬಂದು ಮಣ್ಣು ಮೆತ್ತಗಿರುವಾಗ ಬುಡ ಹಿಡಿದು ಎಳೆದರೆ ಬೇರು ಸಮೇತ ಬರುತ್ತದೆ. ಹೂ ಬಿಟ್ಟದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಬೀಜವನ್ನು ನೀವೇ ಸಾಕಿದಂತೆ ಆಗುತ್ತದೆ. ಉಬ್ಬಸ ಇರುವವರು ಈ ಕೆಲಸಕ್ಕೆ ಬರುವುದೇ ಬೇಡ, ನೀರಿನ ಕಡೆ ಇರಲಿ.

ಸಕ್ಕರೆ ಕಾಯಿಲೆಯ ನಾಲ್ವರಲ್ಲಿ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ನೀರು ಹೊರಬಾರದು. ಒಂದು ಬಾಳೆಹಣ್ಣು ಅಥವಾ ಎರಡು ಇಡ್ಲಿಯಾದರೂ ಹೊಟ್ಟೆಯಲ್ಲಿರಲಿ. ರಕ್ತದ ಸಕ್ಕರೆ ತೀರಾ ಇಳಿದು ಕೈ ನಡುಕ, ಬೆವರು, ತಲೆ ಸುತ್ತು ಬಂದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಕೂರಿಸಿ. ಸಕ್ಕರೆಯ ಡಬ್ಬಿ ಪಾರ್ಕಿನಲ್ಲೇ ಇರಲಿ. ಅವರ ಪಾದಗಳ ಬಗ್ಗೆ ನನಗೆ ಇನ್ನೂ ಹೆಚ್ಚು ಆತಂಕ. ಸ್ಪರ್ಶ ಮಂದವಾದ ಪಾದಕ್ಕೆ ಮುಳ್ಳು ಚುಚ್ಚಿದ್ದು ಗೊತ್ತೇ ಆಗುವುದಿಲ್ಲ. ಚಪ್ಪಲಿ ಬೇಡ, ಮುಚ್ಚಿದ ಶೂ, ಕಾಲುಚೀಲ. ಮನೆಗೆ ಹೋದ ಕೂಡಲೇ ಕನ್ನಡಿ ಹಿಡಿದು ಎರಡೂ ಅಂಗಾಲು ನೋಡಿಕೊಳ್ಳಲಿ. ಮಂಡಿ ಆಪರೇಷನ್ ಆದವರು ಕುಕ್ಕರಗಾಲಲ್ಲಿ ಕೂರುವುದು, ಮಂಡಿಯೂರುವುದು ಬೇಡ. ಎತ್ತರದ ಸ್ಟೂಲಿನ ಮೇಲೆ ಕೂತು ನರ್ಸರಿ ಚೀಲಕ್ಕೆ ಮಣ್ಣು ತುಂಬಲಿ, ಬೀಜ ಊರಲಿ, ನಡುನಡುವೆ ಎದ್ದು ನಡೆದಾಡಲಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿದ್ದರೆ ಭಾರ ಹೊರುವ ಮುನ್ನ ತಮ್ಮ ವೈದ್ಯರನ್ನು ಕೇಳಲಿ. ಧನುರ್ವಾತದ ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷ ದಾಟಿದ್ದರೆ ಎಲ್ಲರೂ ಮತ್ತೊಂದು ಹಾಕಿಸಿಕೊಳ್ಳಿ. ತರಗೆಲೆಯ ರಾಶಿಗೆ ನೇರ ಕೈ ಹಾಕಬೇಡಿ, ಮೊದಲು ಕೋಲಿನಿಂದ ಕೆದಕಿ, ಹಾವಿರಬಹುದು. ಮಲೆನಾಡಿನಲ್ಲಿ ಇದನ್ನು ಓದುತ್ತಿರುವವರು ಕಾಡಂಚಿನ ಜಾಗಗಳಲ್ಲಿ ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಎಲೆ ಗುಡಿಸುವ ಕೆಲಸಕ್ಕೆ ಹೋಗಬೇಡಿ. ರಕ್ತ ಹೀರುವ ಉಣ್ಣೆ ಹುಳುವಿನಿಂದ ಹರಡುವ ಮಂಗನ ಕಾಯಿಲೆಯ ಕಾಲ ಅದು.

ಪಾರ್ಕು ಪಾಲಿಕೆಯದು. ಕೆಲಸ ಶುರುವಾಗುವ ಮುಂಚೆ ತೋಟಗಾರಿಕೆ ವಿಭಾಗಕ್ಕೆ ಒಂದು ಪತ್ರ ಕೊಟ್ಟು, ಯಾವ ನಲ್ಲಿ, ಎಷ್ಟು ಹೊತ್ತು ಎಂದು ಬರೆಸಿಕೊಳ್ಳಿ. ಮರದ ಕೊಂಬೆಗೆ ಮಾತ್ರ ಕೈ ಹಾಕಬೇಡಿ, ಅದಕ್ಕೆ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ, ಅನುಮತಿ ಬೇಕು. ಮಾಲಿಯನ್ನು ನಿಮ್ಮ ಮೇಷ್ಟ್ರು ಮಾಡಿಕೊಳ್ಳಿ. ಗುದ್ದಲಿ ಹಿಡಿಯುವುದು ಹೇಗೆ, ಎಲ್ಲಿ ಅಗೆಯಬಾರದು, ಯಾವ ಗಿಡಕ್ಕೆ ಎಷ್ಟು ನೀರು ಎಂಬುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ನೀವು ಪುಕ್ಕಟೆ ದುಡಿಯುತ್ತೀರಿ ಎಂಬ ಕಾರಣಕ್ಕೆ ಅವರ ಕೆಲಸದ ದಿನಗಳು ಕಡಿಮೆಯಾಗಬಾರದು. ಆ ಪತ್ರದಲ್ಲಿ ಇದನ್ನೂ ಒಂದು ಸಾಲು ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ಕೊನೆಯದಾಗಿ ಸೊಂಟ ಹಿಡಿದ ಇಬ್ಬರು. ನೋವು ಕಾಲಿಗೆ ಇಳಿದು ಪಾದದಲ್ಲಿ ಶಕ್ತಿ ಕುಂದಿದ್ದರೆ, ಮೂತ್ರ ಕಟ್ಟಿದ್ದರೆ ಅಥವಾ ಹಿಡಿತ ತಪ್ಪಿದ್ದರೆ, ಕುಳಿತುಕೊಳ್ಳುವ ಭಾಗ ಜೋಮು ಹಿಡಿದಿದ್ದರೆ ಕಾಯದೆ ಇವತ್ತೇ ಆಸ್ಪತ್ರೆಗೆ ಹೋಗಲಿ. ಅಂಥದ್ದೇನೂ ಇಲ್ಲ, ಬರೀ ಹಿಡಿತ ಎಂದಾದರೆ ಹಾಸಿಗೆ ಹಿಡಿದು ಮಲಗುವುದು ಬೇಡ. ಮನೆಯೊಳಗೆ ಓಡಾಡುತ್ತಿರಲಿ, ನೋವು ತಗ್ಗುತ್ತಿದ್ದಂತೆ ನಿಮ್ಮ ವಾಕಿಂಗಿಗೆ ಸೇರಲಿ. ಅರ್ಧ ಗಂಟೆ ಆರಾಮವಾಗಿ ನಡೆಯಲು ಆದ ಮೇಲೆ ಪಾರ್ಕಿಗೆ ಬರಲಿ. ಮೊದಲ ಎರಡು ವಾರ ಎರಡೂ ಕೈಗೆ ಎರಡೆರಡು ಲೀಟರ್ ನೀರು, ಅಷ್ಟೇ. ಅವರ ಸಸಿಗಳಿಗೆ ಉಳಿದ ನೀರನ್ನು ಆ ಎರಡು ವಾರ ನೀವು ಹೊತ್ತುಕೊಡಿ.